ವಿಕ್ಟೋರಿಯಾ 3: ಖಡ್ಗಕ್ಕಿಂತ ಖಜಾನೆಗೆ ಮಣೆ ಹಾಕುವ ಗಣಕ ಆಟ

ಐಮಂಗಲ: ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸಾಗುವ ಹೆದ್ದಾರಿಯಲ್ಲಿರುವ ಈ ಊರನ್ನು ‘ವಿಕ್ಟೋರಿಯಾ 3’ ಆಟದ ಭೂಪಟದಲ್ಲಿ ಹುಡುಕಿದರೆ ಸಿಗದು. ಆದರೆ ಊರು ಸೇರಿದ್ದ ಮೈಸೂರು ಸಂಸ್ಥಾನ ಅಲ್ಲಿದೆ. ಆಟಗಾರ ಬಯಸಿದರೆ ಅದರ ಚುಕ್ಕಾಣಿ ಹಿಡಿಯಬಹುದು.

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2022ರ ಅಕ್ಟೋಬರ್ 25ರಂದು ಬಿಡುಗಡೆ ಮಾಡಿದ ತಂತ್ರಗಾರಿಕೆಯ ಆಟವಿದು. ಇದರ ಮೊದಲ ಅವತರಣಿಕೆ 2003ರಲ್ಲಿ, ಎರಡನೆಯದು 2010ರಲ್ಲಿ ಬಂದಿದ್ದವು. ಕಥೆಯ ಕಾಲ 1836ರಿಂದ 1936ರವರೆಗಿನ ನೂರು ವರ್ಷ. ದೇಶವೊಂದನ್ನು ಆರಿಸಿಕೊಂಡು ಅದರ ತೆರಿಗೆ, ಕಾರ್ಖಾನೆ, ಕಾನೂನು, ವ್ಯಾಪಾರ, ರಾಜತಾಂತ್ರಿಕತೆಗಳನ್ನು ನಡೆಸುವುದೇ ಆಟ. ಗೆಲ್ಲಲು ಇಂಥದ್ದೇ ಗುರಿ ಎಂದಿಲ್ಲ.

ಆಟದ ಜೀವಾಳವೆಂದರೆ ಜನಸಂಖ್ಯೆ. ಪ್ರತಿ ಪ್ರಾಂತ್ಯದ ಜನರನ್ನು ವೃತ್ತಿ, ಸಂಸ್ಕೃತಿ, ಧರ್ಮಗಳ ಪ್ರಕಾರ ಗುಂಪುಗೂಡಿಸಲಾಗಿದೆ. ರೈತ, ಕೂಲಿಕಾರ, ಗುಮಾಸ್ತ, ಬಂಡವಾಳಗಾರ, ಹೀಗೆ ಒಬ್ಬೊಬ್ಬರಿಗೂ ಆದಾಯವಿದೆ, ಖರ್ಚಿದೆ, ಜೀವನಮಟ್ಟವಿದೆ. ಧಾನ್ಯದ ಬೆಲೆ ಏರಿದರೆ ಬಡವರ ಅಸಮಾಧಾನವೂ ಏರುತ್ತದೆ. ಭೂಮಾಲೀಕರು, ಉದ್ಯಮಿಗಳು, ಕಾರ್ಮಿಕ ಸಂಘಗಳು, ಬುದ್ಧಿಜೀವಿಗಳು, ಧರ್ಮನಿಷ್ಠರು, ಸೇನೆ ಮೊದಲಾದ ಹಿತಾಸಕ್ತಿ ಗುಂಪುಗಳು ಸರ್ಕಾರದಲ್ಲಿ ಪಾಲು ಕೇಳುತ್ತವೆ. ಹಳೆಯ ಕಾನೂನು ಬದಲಿಸಹೊರಟರೆ ಅದರಿಂದ ಲಾಭ ಪಡೆಯುತ್ತಿದ್ದವರು ಸುಮ್ಮನಿರುವುದಿಲ್ಲ, ದಂಗೆಯೂ ಏಳಬಹುದು.

ಯುದ್ಧವಿಲ್ಲವೆಂದಲ್ಲ. ಆದರೆ ಪಡೆಗಳನ್ನು ಒಂದೊಂದಾಗಿ ನಡೆಸುವ ಅವಕಾಶವಿಲ್ಲ. ಸೇನಾಧಿಪತಿಯನ್ನು ನೇಮಿಸಿ ರಣರಂಗಕ್ಕೆ ಕಳುಹಿಸುವುದಷ್ಟೇ ಆಟಗಾರನ ಕೆಲಸ. ಅದಕ್ಕೂ ಮೊದಲು ಬೇಡಿಕೆಗಳನ್ನು ಮುಂದಿಟ್ಟು, ಬಲಾಢ್ಯ ರಾಷ್ಟ್ರಗಳನ್ನು ತನ್ನತ್ತ ಸೆಳೆಯುವ ರಾಜತಾಂತ್ರಿಕ ಪಟ್ಟು ನಡೆಯುತ್ತದೆ. ಒಬ್ಬರು ಹಿಂದೆ ಸರಿದರೆ ಗುಂಡು ಹಾರದೆಯೇ ತೀರ್ಮಾನ. ಕತ್ತಿ ಝಳಪಿಸುವ ಆಟಗಳಿಗೆ ಒಗ್ಗಿದವರಿಗೆ ಇದು ಸಪ್ಪೆ ಎನಿಸುವುದು ಸಹಜ. ಬಿಡುಗಡೆಯಾದಾಗ ಅತಿ ಹೆಚ್ಚು ಟೀಕೆಗೊಳಗಾದದ್ದೂ ಯುದ್ಧ ವ್ಯವಸ್ಥೆಯೇ.

ಮೈಸೂರಿನ ನೂರು ವರ್ಷ

ಆಟದಲ್ಲಿ ಮೈಸೂರು ಈಸ್ಟ್ ಇಂಡಿಯಾ ಕಂಪನಿಯ ಅಧೀನ ರಾಜ್ಯ. ಇಲ್ಲೊಂದು ಸೋಜಿಗವಿದೆ. ನಗರ ದಂಗೆಯ ಬಳಿಕ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡಿದ್ದರು. 1834ರಿಂದ 1861ರವರೆಗೆ ರಾಜ್ಯವಾಳಿದವರು ಕಮಿಷನರ್ ಮಾರ್ಕ್ ಕಬ್ಬನ್; ಚಿತ್ರದುರ್ಗ ಆಗಿನ ನಾಲ್ಕು ವಿಭಾಗಗಳಲ್ಲಿ ಒಂದಾಗಿತ್ತು. ಅಂದರೆ ದೊರೆಗೇ ಇಲ್ಲದಿದ್ದ ಅಧಿಕಾರ ಆಟಗಾರನಿಗೆ ಮೊದಲ ದಿನವೇ ದಕ್ಕುತ್ತದೆ! ಅರಮನೆಗೆ ಆಡಳಿತ ಮರಳಿದ್ದು 1881ರಲ್ಲಿ. ಆಗ ವಾರ್ಷಿಕ ಪೊಗದಿಯನ್ನು 24.5 ಲಕ್ಷ ರೂಪಾಯಿಯಿಂದ 35 ಲಕ್ಷಕ್ಕೆ ಏರಿಸಲಾಯಿತಾದರೂ ಹೆಚ್ಚುವರಿ ಮೊತ್ತದ ವಸೂಲಿಯನ್ನು ಮುಂದೂಡಲಾಯಿತು.

ಮುಂದೂಡಲು ಕಾರಣವಿತ್ತು. 1871ರಲ್ಲಿ 50.55 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 41.86 ಲಕ್ಷಕ್ಕೆ ಇಳಿದಿತ್ತು. 1876–78ರ ಬರ ನುಂಗಿದ್ದು ಅಷ್ಟು. ಪರದೆಯ ಮೇಲೆ ಇದು ಕೆಳಗಿಳಿಯುವ ಒಂದು ಸಂಖ್ಯೆ ಮಾತ್ರ. ಬಯಲುಸೀಮೆಯ ಓದುಗರಿಗೆ ಅದನ್ನು ಹಾಗೆ ನೋಡುವುದು ಕಷ್ಟ.

ಭಾರತವನ್ನೇ ವಸ್ತುವಾಗಿಸಿಕೊಂಡ ‘ಪಿವಟ್ ಆಫ್ ಎಂಪೈರ್’ ಎಂಬ ಹೆಚ್ಚುವರಿ ಕಂತು 2024ರ ನವೆಂಬರಿನಲ್ಲಿ ಬಂದಿತು. ಅದರ ಜೊತೆಗಿನ ಉಚಿತ ಪರಿಷ್ಕರಣೆಯಲ್ಲಿ ಜಾತಿ ವ್ಯವಸ್ಥೆ, ಬರ, ಕ್ಷಾಮಗಳೂ ಆಟದೊಳಗೆ ಸೇರಿದವು. ಅದೇ ವರ್ಷದ ಜೂನ್‌ನಲ್ಲಿ ಬಂದಿದ್ದ ಕಂತು ಹೊರದೇಶದಲ್ಲಿ ಬಂಡವಾಳ ಹೂಡುವ ಅವಕಾಶ ಕೊಟ್ಟಿತ್ತು. ಲಂಡನ್ನಿನ ಬಂಡವಾಳದಿಂದ ಚಿನ್ನ ತೆಗೆದು, ಸಂಸ್ಥಾನಕ್ಕೆ ರಾಯಧನ ಕೊಟ್ಟ ಕೋಲಾರದ ಗಣಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಜಾತಿಯ ವಿಷಯವೂ ಹಾಗೆಯೇ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರ ಪಾಲನ್ನು ಪರಿಶೀಲಿಸಲು ಮೈಸೂರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಅವರಿಗದು ಒಪ್ಪಿಗೆಯಿರಲಿಲ್ಲ, ಹೆಚ್ಚು ಕಾಲ ಕಳೆಯುವ ಮೊದಲೇ ಹುದ್ದೆ ತೊರೆದರು. ಕಾನೂನು ಬದಲಾದರೆ ಮುನಿಯುವವರು ಯಾರು ಎಂಬ ಆಟದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆದರೆ ಎಲ್ಲವನ್ನೂ ಲೆಕ್ಕಕ್ಕೆ ಒಗ್ಗಿಸಲಾಗದು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಟದ ನೂರು ವರ್ಷ ಮುಗಿಯಲು ಆಗ ಉಳಿದಿದ್ದದ್ದು ಮೂರೇ ವರ್ಷ. ಎರಡನೆಯ ಬಾರಿ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, ಆಟ ಮಾರುಕಟ್ಟೆಗೆ ಬರುವುದಕ್ಕೆ ತಿಂಗಳ ಮೊದಲು.

ಆಟ ಇಂಗ್ಲಿಷ್, ಫ್ರೆಂಚ್, ಚೀನೀ ಸೇರಿದಂತೆ ಹಲವು ಭಾಷೆಗಳಲ್ಲಿ ಲಭ್ಯ. ಕನ್ನಡ ಆ ಪಟ್ಟಿಯಲ್ಲಿಲ್ಲ.