ಮನೆಪಟ್ಟಿಯೂ ಆದಾಯ ತೆರಿಗೆಯೂ

ಒಂದೇ ಮನೆಯ ಮೇಲೆ ಎರಡು ಅಧಿಕಾರಗಳು ಕರವನ್ನು ಕೇಳುವುದು ಕನ್ನಡ ನಾಡಿಗೆ ಹೊಸತಲ್ಲ. ಪ್ರಾಚೀನ ಶಾಸನಗಳಲ್ಲಿ ಸಿದ್ಧಾಯದೊಡನೆ ಮನೆದೆರೆಯೂ ಕಾಣಬರುವುದು. ದೇವಾಲಯ ಅಗ್ರಹಾರಗಳಿಗೆ ಕೊಟ್ಟ ದತ್ತಿಯನ್ನು ಸರ್ವನಮಸ್ಯವೆಂದು ಕರೆದು, ತೆರೆಗಳ ಬಾಧೆಯಿಂದ ಬಿಡುಗಡೆ ಮಾಡಿದ ಉಲ್ಲೇಖಗಳೂ ಹೇರಳವಾಗಿರುವುವು. ತೆರೆ ಎಷ್ಟು ಹಳೆಯದೋ ವಿನಾಯಿತಿಯೂ ಅಷ್ಟೇ ಹಳೆಯದು. ವರ್ತಕನಿಂದ ಕರವನ್ನು ಕೊಳ್ಳುವ ಮುನ್ನ ಕ್ರಯವಿಕ್ರಯಗಳ ಬೆಲೆ, ದಾರಿಯ ದೂರ, ಅನ್ನಪಾನಾದಿಗಳ ವೆಚ್ಚ, ಸರಕಿನ ರಕ್ಷಣೆಯ ಖರ್ಚು ಇವೆಲ್ಲವನ್ನೂ ಅರಸನು ಪರ್ಯಾಲೋಚಿಸಬೇಕೆಂದು ಮನುಸ್ಮೃತಿಯ ಏಳನೆಯ ಅಧ್ಯಾಯವು ವಿಧಿಸುತ್ತದೆ. ವೆಚ್ಚವನ್ನು ಕಳೆದು ಉಳಿದುದರ ಮೇಲೆಯೇ ಕರವೆಂಬ ನ್ಯಾಯವು ಇದರಲ್ಲಿ ಅಡಗಿದೆ. ಹಾಗಾದರೆ ಮನೆಯೊಡೆಯನು ಊರಿನ ಆಡಳಿತಕ್ಕೆ ತೆತ್ತ ಮನೆಪಟ್ಟಿಯು ಅವನ ಆದಾಯದಿಂದ ಕಳೆಯತಕ್ಕ ವೆಚ್ಚವೋ ಅಲ್ಲವೋ? ಈ ಪ್ರಶ್ನೆಗೆ ಉತ್ತರ ದೊರೆತ ಬಗೆಯೇ ಒಂದು ಇತಿಹಾಸವಾಗಿದೆ.

ಆದಿಲಶಾಹಿಯ ರಾಜಧಾನಿಯಾಗಿ ಮೆರೆದ ವಿಜಯಪುರವು 1686ರಲ್ಲಿ ಮೊಗಲರ ವಶವಾಯಿತು. ಆ ಬಳಿಕ ಅದರ ವೈಭವವು ಬಹುಮಟ್ಟಿಗೆ ಇಳಿದುಹೋಯಿತು. ಆಂಗ್ಲರ ಆಳಿಕೆಯಲ್ಲಿ, 1885ರಲ್ಲಿ, ಜಿಲ್ಲೆಯ ಮುಖ್ಯಸ್ಥಳವು ಕಲಾದಗಿಯಿಂದ ಇಲ್ಲಿಗೆ ಬಂದಿತು. ಹಳೆಯ ಅರಮನೆಗಳು ದುರಸ್ತಿ ಹೊಂದಿ ಕಚೇರಿಗಳಾದುವು. ಕಾರಕೂನರು, ವಕೀಲರು, ಶಿಕ್ಷಕರು ಬಂದು ನೆಲಸಿದಂತೆ ಬಾಡಿಗೆಯ ಮನೆ ಎಂಬ ಪದಾರ್ಥಕ್ಕೆ ಬೆಲೆಯುಂಟಾಯಿತು. ಮುಂಬಯಿ ಇಲಾಖೆಯ ಇತರ ಊರುಗಳಂತೆ ಇಲ್ಲಿಯೂ ಬೀದಿ, ದೀಪ, ನೀರುಗಳ ಸಲುವಾಗಿ ಮನೆಗಳ ಮೇಲೆ ಪಟ್ಟಿಯನ್ನು ವಿಧಿಸುವ ಅಧಿಕಾರವು ಮುನಸಿಪಾಲಿಟಿಗೆ ಕಾಯದೆಯಿಂದ ದೊರೆತಿತ್ತು.

ಇನ್ನೊಂದು ಕರವು ಬಂದುದು ಕಲಕತ್ತೆಯಿಂದ. 1857ರ ದಂಗೆಯ ತರುವಾಯ ಸರಕಾರದ ಬೊಕ್ಕಸವು ಬರಿದಾಗಲು, ಜೇಮ್ಸ್ ವಿಲ್ಸನ್ನನೆಂಬ ಅರ್ಥಸಚಿವನು 1860ರಲ್ಲಿ ಆದಾಯ ತೆರಿಗೆಯನ್ನು ಹಿಂದುಸ್ಥಾನಕ್ಕೆ ತಂದನು. ಅದು ಐದು ವರ್ಷಗಳಲ್ಲಿ ನಿಂತುಹೋಗಿ, ಹಲವು ರೂಪಗಳನ್ನು ತಾಳಿ, 1886ರ ಕಾಯದೆಯಿಂದ ಸ್ಥಿರವಾಯಿತು. ಆಗ ವರ್ಷಕ್ಕೆ 500 ರೂಪಾಯಿಗಿಂತ ಕಡಿಮೆ ಆದಾಯವುಳ್ಳವರಿಗೆ ಇದರ ಸೋಂಕಿರಲಿಲ್ಲ. 1903ರಲ್ಲಿ ಆ ಮಿತಿಯು 1000 ರೂಪಾಯಿಗೆ ಏರಿತು. ಒಕ್ಕಲುತನದ ಹುಟ್ಟುವಳಿಯನ್ನು 1886ರಿಂದಲೇ ಹೊರಗಿರಿಸಿದ್ದರು. ಆದುದರಿಂದ ವಿಜಯಪುರದ ಬಹುಸಂಖ್ಯ ಕುಟುಂಬಗಳಿಗೆ ಈ ಕರದ ಪರಿಚಯವೇ ಇರಲಿಲ್ಲವೆಂದರೆ ಸಲ್ಲುವುದು.

1922ರ ಕಾಯದೆಯು ಮನೆಯ ಆದಾಯಕ್ಕೆ ಪ್ರತ್ಯೇಕ ಪ್ರಕರಣವನ್ನು ಕಲ್ಪಿಸಿತು. ಮನೆಯ ವಾರ್ಷಿಕ ಮೌಲ್ಯವನ್ನು ಗೊತ್ತುಮಾಡಿ, ದುರಸ್ತಿಗೆಂದು ಆರನೆಯ ಒಂದು ಪಾಲು, ವಿಮೆಯ ಕಂತು, ಒತ್ತೆಯ ಸಾಲದ ಬಡ್ಡಿ, ಭೂಕಂದಾಯ, ಮನೆ ಖಾಲಿಯಿದ್ದ ಅವಧಿಯ ನಷ್ಟ ಮುಂತಾದುವನ್ನು ಕಳೆಯಲು ಅದು ಒಪ್ಪಿತು. ಆದರೆ ವಿಚಿತ್ರವೇನೆಂದರೆ, ಸರಕಾರಕ್ಕೆ ತೆತ್ತ ಭೂಕಂದಾಯವನ್ನು ಹೆಸರಿಸಿದ ಕಾಯದೆಯು ಮುನಸಿಪಾಲಿಟಿಗೆ ತೆತ್ತ ಮನೆಪಟ್ಟಿಯ ವಿಷಯದಲ್ಲಿ ಮೌನವಾಗಿತ್ತು. ಈ ಮೌನವೇ ವ್ಯಾಜ್ಯಕ್ಕೆ ಬೀಜವಾಯಿತು. ಮುಂಬಯಿಯ ನ್ಯೂ ಪೀಸ್ ಗುಡ್ಸ್ ಬಜಾರ್ ಕಂಪನಿಯು ತಾನು ತೆತ್ತ ಪಟ್ಟಿಯನ್ನು ಆದಾಯದಿಂದ ಕಳೆಯಬೇಕೆಂದು ವಾದಿಸಿತು. ಮುಂಬಯಿಯ ಉಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಆದರೆ ಆಗತಾನೆ ಸ್ಥಾಪಿತವಾಗಿದ್ದ ಸರ್ವೋಚ್ಚ ನ್ಯಾಯಾಲಯವು 1950ರ ಮೇ ತಿಂಗಳಲ್ಲಿ ಕಂಪನಿಯ ಪಕ್ಷವನ್ನೇ ಎತ್ತಿಹಿಡಿಯಿತು: ಮನೆಪಟ್ಟಿಯು ಆ ಸೊತ್ತಿನ ಮೇಲೆಯೇ ಕೂರುವ ವಾರ್ಷಿಕ ಹೊರೆ; ಮೂಲಧನದ ಹೊರೆಯಲ್ಲ; ಆದುದರಿಂದ ಅದನ್ನು ಕಳೆಯತಕ್ಕದ್ದೇ ಸರಿ. ವಿಜಯಪುರವು ಆಗ ಮುಂಬಯಿ ರಾಜ್ಯದಲ್ಲಿಯೇ ಇದ್ದು, 1956ರ ನವೆಂಬರ 1ರಂದು ಮೈಸೂರು ರಾಜ್ಯವನ್ನು ಸೇರಿತು.

ನ್ಯಾಯಾಲಯವು ತೆರೆದ ಬಾಗಿಲನ್ನು ಶಾಸನಕರ್ತರು ತಮ್ಮ ಅಳತೆಗೆ ತಕ್ಕಂತೆ ಸರಿಪಡಿಸಿದರು. 1961ರ ಕಾಯದೆಯು ಮೊದಲಲ್ಲಿ ಒಂದು ಭೇದವನ್ನು ಇಟ್ಟಿತ್ತು. ಬಾಡಿಗೆಗೆ ಕೊಟ್ಟ ಮನೆಯು 1950ರ ಏಪ್ರಿಲ್ 1ಕ್ಕಿಂತ ಮುಂಚೆ ಕಟ್ಟಿದುದಾದರೆ ಪಟ್ಟಿಯ ಅರ್ಧವೂ, ತರುವಾಯ ಕಟ್ಟಿದುದಾದರೆ ಪೂರ್ತಿಯೂ ವಜಾ ಆಗಬೇಕೆಂಬುದು ಆ ನಿಯಮ. ಹೀಗಾಗಿ ಕೋಟೆಯೊಳಗಿನ ಹಳೆಯ ವಾಡೆಯ ಒಡೆಯನಿಗೆ ಅರ್ಧ ವಿನಾಯಿತಿ, ಹೊಸ ಬಡಾವಣೆಯ ಮನೆಯವನಿಗೆ ಪೂರ್ಣ ವಿನಾಯಿತಿ ಎಂಬಂತಾಗಿತ್ತು. ಕಾಲಕ್ರಮದಲ್ಲಿ ಈ ಭೇದವು ಅಳಿಯಿತು. ಅದರ ಸ್ಥಾನದಲ್ಲಿ ಮತ್ತೊಂದು ನಿಬಂಧನೆ ನೆಲೆಗೊಂಡಿತು. ಪಟ್ಟಿಯನ್ನು ಒಡೆಯನೇ ಹೊತ್ತಿರಬೇಕು. ಬಾಕಿಯೆಂದು ಬರೆದಿಟ್ಟರೆ ಸಾಲದು, ಆ ವರ್ಷದಲ್ಲಿ ಪ್ರತ್ಯಕ್ಷವಾಗಿ ತೆತ್ತಿರಬೇಕು. ಎರಡು ವರ್ಷಗಳ ಬಾಕಿಯನ್ನು ಒಂದೇ ವರ್ಷ ತೆತ್ತರೆ ಎರಡೂ ಆ ವರ್ಷದ ಲೆಕ್ಕದಲ್ಲಿಯೇ ಸಲ್ಲುವುವು. ಬಾಡಿಗೆದಾರನು ತೆತ್ತುದು ಒಡೆಯನ ಲೆಕ್ಕಕ್ಕೆ ಬಾರದು.

ಇದರ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ವಿಜಯಪುರದಲ್ಲಿ ಒಂದು ಮನೆಯ ಬಾಡಿಗೆಯು ತಿಂಗಳಿಗೆ 12,000 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 1,44,000 ಆಗುವುದು. ಒಡೆಯನು ಮಹಾನಗರಪಾಲಿಕೆಗೆ 4,000 ರೂಪಾಯಿ ತೆತ್ತಿದ್ದರೆ ಉಳಿಯುವುದು 1,40,000. ಇದರಲ್ಲಿ ದುರಸ್ತಿ ಮುಂತಾದುವಕ್ಕೆಂದು, ಖರ್ಚು ಮಾಡಲಿ ಬಿಡಲಿ, ಶೇಕಡಾ 30ರಂತೆ 42,000 ವಜಾ ಆಗಿ, 98,000 ರೂಪಾಯಿ ಆದಾಯವೆಂದು ಗಣಿತವಾಗುವುದು. ಸಾಲದ ಬಡ್ಡಿಯಿದ್ದರೆ ಅದೂ ಕಳೆಯುವುದು. ಪಟ್ಟಿಯನ್ನು ಶೇಕಡಾ 30ರ ಲೆಕ್ಕಕ್ಕೆ ಮೊದಲೇ ಕಳೆಯಬೇಕೆಂಬುದನ್ನು ಮರೆಯಬಾರದು. ವಜಾಗಳನ್ನು ಬಹಳವಾಗಿ ಕತ್ತರಿಸಿದ ಹೊಸ ತೆರಿಗೆ ಪದ್ಧತಿಯಲ್ಲಿಯೂ ಬಾಡಿಗೆ ಮನೆಯ ಈ ಎರಡು ವಜಾಗಳು ಉಳಿದಿವೆ. 1961ರ ಕಾಯದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ನಡೆಯುವಂತೆ ರಚಿತವಾದ 2025ರ ಕಾಯದೆಯೂ ಈ ನ್ಯಾಯವನ್ನು ಕೈಬಿಟ್ಟಿಲ್ಲ.

ತಾನೇ ವಾಸಿಸುವ ಮನೆಯ ಮಾತು ಬೇರೆ. ಹಿಂದೆ ಅಂಥ ಮನೆಗೂ ಬರಬಹುದಾಗಿದ್ದ ಬಾಡಿಗೆಯನ್ನು ಕಲ್ಪಿಸಿ, ಕೆಲವು ರಿಯಾಯಿತಿಗಳನ್ನು ಕೊಟ್ಟು, ಉಳಿದುದನ್ನು ಆದಾಯವೆಂದು ಎಣಿಸುತ್ತಿದ್ದರು. 1986ರ ಹಣಕಾಸು ಕಾಯದೆಯು ಅದರ ಮೌಲ್ಯವನ್ನು ಶೂನ್ಯವೆಂದಿತು. 2019ರಲ್ಲಿ ಈ ಸೌಕರ್ಯವು ಎರಡು ಮನೆಗಳಿಗೆ ವಿಸ್ತರಿಸಿತು. ಶೂನ್ಯದಿಂದ ಕಳೆಯುವುದೇನು? ಆದುದರಿಂದ ವಾಸದ ಮನೆಯ ಪಟ್ಟಿಗೆ ವಜಾ ಇಲ್ಲ. ಅಮೇರಿಕೆಯ ಪದ್ಧತಿಯು ಇದಕ್ಕೆ ಪ್ರತಿಕೂಲವಾಗಿದೆ. ಅಲ್ಲಿ ವೆಚ್ಚಗಳನ್ನು ಬಿಡಿಬಿಡಿಯಾಗಿ ತೋರಿಸುವ ಗೃಹಸ್ಥನು ತನ್ನ ವಾಸದ ಮನೆಯ ತೆರಿಗೆಯನ್ನೂ ಕಳೆಯಬಹುದು. 2017ರ ಕಾಯದೆಯು ಸ್ಥಳೀಯ ತೆರಿಗೆಗಳ ಒಟ್ಟು ವಜಾಕ್ಕೆ 10,000 ಡಾಲರುಗಳ ಮಿತಿಯನ್ನು ಹಾಕಿತು, 2025ರಲ್ಲಿ ಅದನ್ನು 40,000ಕ್ಕೆ ಏರಿಸಲಾಯಿತು. ಮಕ್ಕಳು ಆ ದೇಶದಲ್ಲಿರುವ ಕುಟುಂಬಗಳು ಅಲ್ಲಿಯ ಮಾತನ್ನು ಕೇಳಿ ಇಲ್ಲಿಯೂ ಹಾಗೆಯೇ ಎಂದು ಭಾವಿಸುವ ಸಂಭವವುಂಟು. ಆದರೆ ಒಂದು ದೇಶವು ವೆಚ್ಚವನ್ನು ಬಿಟ್ಟಿತು. ಇನ್ನೊಂದು ಆದಾಯವನ್ನೇ ಬಿಟ್ಟಿತು. ವಿಚಾರಿಸಿ ನೋಡಿದರೆ ಎರಡನೆಯದೇ ದೊಡ್ಡ ಉಪಕಾರ.

ಟಿಕೋಟಾ ಬಬಲೇಶ್ವರಗಳ ಕಡೆಗೆ ಹೋದರೆ ಮೂರನೆಯ ಬಗೆಯು ಎದುರಾಗುವುದು. ಬಹುಕಾಲ ವಿಜಯಪುರ ತಾಲೂಕಿನ ಗ್ರಾಮಗಳಾಗಿದ್ದ ಇವು ಈಚೆಗೆ ತಾವೇ ತಾಲೂಕುಗಳ ಮುಖ್ಯಸ್ಥಳಗಳಾಗಿವೆ. ಟಿಕೋಟಾದ ಸುತ್ತಲಿನ ದ್ರಾಕ್ಷಿಯೂ ಒಣದ್ರಾಕ್ಷಿಯೂ ಹೆಸರಾದುವು. ಕಂದಾಯಕ್ಕೊಳಪಟ್ಟ ಜಮೀನಿನಲ್ಲಿ ಅಥವಾ ಅದರ ಸಮೀಪದಲ್ಲಿ, ಒಕ್ಕಲುತನಕ್ಕೆ ಅಗತ್ಯವೆಂದು ರೈತನು ವಾಸಕ್ಕಾಗಲಿ ದಾಸ್ತಾನಿಗಾಗಲಿ ಕಟ್ಟಿಕೊಂಡ ಮನೆಯನ್ನು ಕಾಯದೆಯು ಒಕ್ಕಲುತನದ ಅಂಗವೆಂದೇ ಭಾವಿಸುವುದು. ಅದಕ್ಕೆ ಆದಾಯ ತೆರಿಗೆಯಿಲ್ಲ, ವಜಾದ ಪ್ರಶ್ನೆಯೂ ಇಲ್ಲ. ಆದರೆ ಅದೇ ರೈತನು ಪೇಟೆಯಲ್ಲಿ ಅಂಗಡಿಯನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟರೆ ಆ ಬಾಡಿಗೆಯು ಕರಕ್ಕೆ ಪಾತ್ರವಾಗುವುದು. ಆಗ ಸ್ಥಳೀಯ ಸಂಸ್ಥೆಗೆ ತೆತ್ತ ಪಟ್ಟಿಯು ಪಾಲಿಕೆಗೆ ತೆತ್ತುದರಷ್ಟೇ ಮಾನ್ಯ.

ಬಾಡಿಗೆಯೊಂದನ್ನೇ ನಂಬಿದ ವೃದ್ಧ ದಂಪತಿಗಳಿಗೂ ವಿಧವೆಯರಿಗೂ ಈ ವಿಚಾರವು ಒಣಪಾಂಡಿತ್ಯವಲ್ಲ. 1950ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಸಾಧಿಸಬೇಕಾಗಿದ್ದ ಹಕ್ಕು ಈಗ ಪಾಲಿಕೆಯ ಅಥವಾ ಪಂಚಾಯತಿಯ ಒಂದು ಪಾವತಿಯ ಮೇಲೆ ನಿಂತಿದೆ. ಹಿಂದಿನವರು ಶಾಸನವನ್ನು ಶಿಲೆಯ ಮೇಲೆ ಕೊರೆಯಿಸಿ ವಿನಾಯಿತಿಯನ್ನು ಕಾಪಾಡಿಕೊಂಡರು. ಇಂದಿನ ಗೃಹಸ್ಥನು ಪಟ್ಟಿಯನ್ನು ವರ್ಷದೊಳಗೆ ತೆತ್ತು, ಪಾವತಿಯನ್ನು ಬಾಡಿಗೆಯ ಪತ್ರದೊಡನೆ ಜೋಪಾನವಾಗಿ ಇಟ್ಟುಕೊಂಡರೆ ಅಷ್ಟೇ ಸಾಕು.