ಕಥಾನಾಯಕರ ಕ್ಷುಧೆಯೂ ಕುಚ್ಚಲಕ್ಕಿಯ ಸತ್ತ್ವವೂ

ತುಳುನಾಡಿನ ಜನಪದ ಸ್ಮೃತಿಯಲ್ಲಿ ಅಗೋಳಿ ಮಂಜಣ್ಣನೆಂಬ ಮಹಾಬಲನ ಊಟವನ್ನು ಅಕ್ಕಿಮುಡಿಯ ಲೆಕ್ಕದಲ್ಲಿಯೇ ಹೇಳುವುದು ವಾಡಿಕೆ. ಬಕಾಸುರನಿಗೆಂದು ಹೊರಟ ಬಂಡಿಯನ್ನವನ್ನು ಭೀಮಸೇನನು ಆ ರಕ್ಕಸನ ಇದಿರಿನಲ್ಲಿಯೇ ಕಬಳಿಸುವುದನ್ನು ಬಯಲಾಟದಲ್ಲಿ ಕಂಡು ಸುಖಿಸಿದವರು ಮಂಗಳೂರಿನಲ್ಲಿ ಮನೆಮನೆಗೂ ಇದ್ದಾರೆ. ಹಸಿವಿನ ವಿಸ್ತಾರವೇ ಬಲದ ವಿಸ್ತಾರವೆಂದು ಬಗೆದ ಇಂಥ ಕಲ್ಪನಾಪರಂಪರೆಯ ನಾಡಿಗೆ, ಇಂದಿನ ಮಕ್ಕಳು ಕಣ್ಣರಳಿಸಿ ನೋಡುವ ಜಪಾನಿನ ಅನಿಮೆ ಚಿತ್ರಗಳ ಬಹುಭಕ್ಷಕ ನಾಯಕರು ಪರಕೀಯರೇನಲ್ಲ.

ಆದರೆ ಅನಿಮೆಯ ನಾಯಕನು ಮೊದಲಿನಿಂದಲೂ ಹಸಿದವನಾಗಿರಲಿಲ್ಲ. 1963ರಲ್ಲಿ ಟಿ.ವಿ.ಗೆ ಬಂದ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ಅಣುಶಕ್ತಿಯಿಂದ ನಡೆಯುವ ಯಂತ್ರಬಾಲಕ. ಉಣ್ಣುವ ವೀರನು ಪ್ರತಿಷ್ಠಿತನಾದುದು 1986ರ ‘ಡ್ರ್ಯಾಗನ್ ಬಾಲ್’ನ ಗೊಕುವಿನೊಡನೆ. ಆ ಕಥೆಯಲ್ಲಿ ಸೆಂಜು ಎಂಬ ಒಂದೇ ಕಾಳನ್ನು ತಿಂದವನಿಗೆ ಹತ್ತು ದಿನ ಹಸಿವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಗಣನೆಯಂತೆ, ಹೆಚ್ಚು ಶ್ರಮವಿಲ್ಲದ ವಯಸ್ಕ ಪುರುಷನಿಗೆ ದಿನಕ್ಕೆ ಸುಮಾರು 2,110 ಕಿಲೊಕ್ಯಾಲೊರಿ ಬೇಕು. ಹತ್ತು ದಿನಗಳ ಈ ಶಕ್ತಿಯನ್ನು ಶುದ್ಧ ಎಣ್ಣೆಯ ರೂಪದಲ್ಲಿ ತುಂಬಿಟ್ಟರೂ ಅದರ ತೂಕ ಎರಡೂಕಾಲು ಕಿಲೊವನ್ನು ಮೀರುತ್ತದೆ.

1988 ಈ ಇತಿಹಾಸದಲ್ಲಿ ಗಂಭೀರವಾದ ವರ್ಷ. ಇಸಾವೊ ತಕಾಹತ ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಚಿತ್ರದಲ್ಲಿ, ಯುದ್ಧಕಾಲದ ಪುಟ್ಟ ಸೆತ್ಸುಕೊ ಅಪೌಷ್ಟಿಕತೆಯಿಂದ ಭ್ರಮಿಸಿ, ಮಣ್ಣಿನ ಉಂಡೆಗಳನ್ನು ಅನ್ನವೆಂದು ಅಣ್ಣನಿಗೆ ನೀಡುತ್ತಾಳೆ. ಹಸಿವನ್ನು ಇಷ್ಟು ಸತ್ಯವಾಗಿ ತೋರಿದ ಚಲಚ್ಚಿತ್ರಗಳು ಲೋಕದಲ್ಲಿಯೇ ವಿರಳವೆಂದು ನನ್ನ ಮತ. ಯುದ್ಧದ ಹಸಿವನ್ನು ಸ್ವತಃ ಉಂಡಿದ್ದ ತಕಾಶಿ ಯಾನಸೆ ಅವರ ‘ಅನ್‌ಪನ್‌ಮನ್’ ಟಿ.ವಿ.ಗೆ ಬಂದುದೂ ಅದೇ ವರ್ಷ. ಹಸಿದವರಿಗೆ ತನ್ನ ರೊಟ್ಟಿಯ ಮುಖವನ್ನೇ ಮುರಿದು ಕೊಡುವವನು ಅಲ್ಲಿಯ ವೀರ.

1999ರಿಂದ ನಡೆಯುತ್ತಿರುವ ‘ಒನ್ ಪೀಸ್’ನಲ್ಲಿ ಮಾಯಾಫಲವನ್ನು ತಿಂದ ಲೂಫಿ ಅದ್ಭುತ ಶಕ್ತಿಯನ್ನು ಪಡೆದು, ಈಜುವ ಶಕ್ತಿಯನ್ನು ಕಳೆದುಕೊಳ್ಳುತ್ತಾನೆ. ಅದೇ ಕಥೆಯಲ್ಲಿ ಸ್ಕರ್ವಿ ರೋಗದಿಂದ ಬಿದ್ದ ಯೊಸಾಕು ಎಂಬವನ ಬಾಯಿಗೆ ನಿಂಬೆರಸ ಹಿಂಡಿಸುವ, ಲೂಫಿಯ ಸಂಗಾತಿ ನಾಮಿಯ ಪ್ರಸಂಗವಾದರೋ, 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯನು ಕಿತ್ತಳೆ–ನಿಂಬೆಗಳಿಂದ ನಾವಿಕರನ್ನು ಗುಣಪಡಿಸಿದ ಸತ್ಯದ ಮೇಲೆ ನಿಂತಿದೆ. ಚೇತರಿಕೆಯ ವೇಗ ಮಾತ್ರ ಕಥೆಗಾರನದು.

ಜಪಾನಿನ ನಾವಿಕರನ್ನು ನಿಜವಾಗಿ ಕಾಡಿದ ರೋಗ ಬೆರಿಬೆರಿ. ‘ರ್‍ಯೂಜೊ’ ಎಂಬ ನೌಕೆಯ 376 ಮಂದಿಯಲ್ಲಿ 169 ಮಂದಿ ಹಾಸಿಗೆ ಹಿಡಿದು, 25 ಮಂದಿ ಸತ್ತರು. 1884ರಲ್ಲಿ ಕನೆಹಿರೊ ತಕಾಕಿ ಎಂಬ ನೌಕಾವೈದ್ಯರು ಬಿಳಿ ಅಕ್ಕಿಯನ್ನು ತಗ್ಗಿಸಿ, ಜವೆಗೋದಿ, ಮಾಂಸ, ಹಾಲುಗಳನ್ನು ಕೊಡಿಸಿ ಆ ಸಾವುಗಳನ್ನು ನಿಲ್ಲಿಸಿದರು. ಪ್ರೋಟೀನಿನ ಕೊರತೆಯೇ ಕಾರಣವೆಂದು ಅವರು ತಿಳಿದಿದ್ದರು. ಪಾಲಿಶಿನಲ್ಲಿ ತವುಡಿನೊಡನೆ ಹೋಗುವ ಥಯಾಮಿನ್ ಎಂಬ ಜೀವಸತ್ತ್ವವೇ ಕಾರಣವೆಂಬುದು ಮುಂದೆ ಸಿದ್ಧವಾಯಿತು. ಮೇಲೆ ಹೇಳಿದ ಪೋಷಣ ಸಂಸ್ಥೆಯೂ 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿಯ ಶೋಧಕ್ಕೆಂದೇ ಹುಟ್ಟಿದುದು.

ಇಲ್ಲಿಯೇ ನಮ್ಮ ಕರಾವಳಿಯ ಅಡಿಗೆಮನೆಯ ಮಹತ್ತ್ವ ಕಾಣಬರುತ್ತದೆ. ಭತ್ತವನ್ನು ನೆನೆಸಿ, ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಕುಟ್ಟಿದ ಕುಚ್ಚಲಕ್ಕಿಯಲ್ಲಿ, ತವುಡಿನ ಥಯಾಮಿನ್ ಬೇಯುವಾಗಲೇ ಕಾಳಿನ ಒಳಗಿಳಿದಿರುವುದರಿಂದ, ಬಹುಪಾಲು ಉಳಿದುಕೊಳ್ಳುತ್ತದೆ. ಬೇಯಿಸಿದ ಭತ್ತದ ಅಕ್ಕಿ ಬೆರಿಬೆರಿಯನ್ನು ತಡೆಯುವುದೆಂದು ವಿಲಿಯಂ ಫ್ಲೆಚರ್ ಕ್ವಾಲಾಲಂಪುರದ ಪ್ರಯೋಗದಿಂದ 1907ರಲ್ಲಿ ಪ್ರಕಟಿಸುವುದಕ್ಕೆ ಎಷ್ಟೋ ಮೊದಲೇ ನಮ್ಮ ಅಜ್ಜಿಯರು ಅದರ ಗಂಜಿಯನ್ನು ಬಡಿಸುತ್ತಿದ್ದರು. ಆ ಗಂಜಿಯೊಂದೇ ಪೂರ್ಣಾಹಾರವಲ್ಲ. ಬೂತಾಯಿಯ ಸಾರು, ಹುರುಳಿ, ಹರಿವೆ, ಮಳೆಗಾಲದ ಮೊದಲಿಗೆ ತೇಗದ ಎಲೆಯಲ್ಲಿ ಕೆಂಪೇರಿ ಬೇಯುವ ಹಲಸಿನ ಹಣ್ಣಿನ ಗಟ್ಟಿ, ಇವೆಲ್ಲ ಕೂಡಿದಾಗ ಊಟ ಸಮಗ್ರವಾಗುತ್ತಿತ್ತು.

ಮಕ್ಕಳು ಲೂಫಿಯನ್ನು ನೋಡಲಿ, ಗೊಕುವಿನ ಊಟಕ್ಕೆ ಬೆರಗಾಗಲಿ. ಆದರೆ ನುಣ್ಣಗೆ ಪಾಲಿಶಾದ ಬೆಳ್ತಿಗೆ ಅಕ್ಕಿಯ ಮೋಹದಲ್ಲಿ ಕುಚ್ಚಲಕ್ಕಿಯನ್ನು ಮನೆಯಿಂದ ಹೊರಹಾಕಬೇಡಿರೆಂದು ತಾಯ್ತಂದೆಯರಲ್ಲಿ ನನ್ನ ಬಿನ್ನಹ.