ಶಾಲಾ ಶಿಕ್ಷಣದ ಹೂಡಿಕೆ: ಸಕಲೇಶಪುರ–ಆಲೂರು ಮಲೆನಾಡು

ಹಾಸನ ಜಿಲ್ಲೆಯ ಈ ಬೆಟ್ಟಸೀಮೆಯಲ್ಲಿ ಶಾಲೆಗೆ ಹಾಕಿದ ಹಣದ ಚರಿತ್ರೆಗೆ ಎರಡು ಕವಲು: ಸರ್ಕಾರಿ ಶಾಲೆಯದು ಒಂದು, ಕಾಫಿ–ಏಲಕ್ಕಿ ತೋಟದ ಕೂಲಿಲೈನಿನದು (ಕಾರ್ಮಿಕರ ಸಾಲುಮನೆಗಳದು) ಇನ್ನೊಂದು.

ಮೊದಲನೆಯದು ಚಿರಪರಿಚಿತ. ಕೂಲಿಮಠಗಳ (ಹಳ್ಳಿಯ ಸಾಂಪ್ರದಾಯಿಕ ಶಾಲೆಗಳ) ಜೊತೆಗೆ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆ (1857), ಆ ಇಲಾಖೆಯ ಅಧಿಕಾರಿ ಬಿ.ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳು (1868) ಬಂದವು. 1913ರ ಪ್ರಾಥಮಿಕ ಶಿಕ್ಷಣ ಕಾಯಿದೆಯನ್ನು ಕಡ್ಡಾಯ ಶಿಕ್ಷಣದ ಆರಂಭವೆಂದು ಎಣಿಸುವುದು ರೂಢಿ. ಆದರೆ ಕಡ್ಡಾಯವಿದ್ದದ್ದು ಆಯ್ದ ಊರುಗಳಲ್ಲಿ ಮಾತ್ರ.

ತೋಟದ ಕಾರ್ಮಿಕರ ಮಟ್ಟಿಗೆ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯೇ ನಿಜವಾದ ತಿರುವು. ಹನ್ನೆರಡು ತುಂಬದ ಮಕ್ಕಳನ್ನು ದುಡಿಸುವಂತಿಲ್ಲ ಎಂದಿತು. 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಓದಿನ ವ್ಯವಸ್ಥೆಯನ್ನು ಮಾಲೀಕನಿಂದಲೇ ಮಾಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತು. ದೊಡ್ಡ ತೋಟಗಳಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂಬ ನಿಯಮವೂ ಕಡಿಮೆಯದಲ್ಲ. ಕೂಸು ನೋಡಿಕೊಳ್ಳಲು ಮನೆಯಲ್ಲೇ ಉಳಿಯುವ ಹಿರಿಮಗಳು ಶಾಲೆಗೆ ಹೋಗಬೇಕಾದರೆ ಅಂಥ ಕೋಣೆ ಬೇಕು. ಆದರೆ ಕಾಯಿದೆಯ ವ್ಯಾಪ್ತಿಗೆ 25 ಎಕರೆ, 30 ಕೆಲಸಗಾರರ ಮಿತಿಯಿತ್ತು. 1981ರಲ್ಲಿ ಅದನ್ನು 5 ಹೆಕ್ಟೇರ್, 15 ಜನಕ್ಕೆ ಇಳಿಸಲಾಯಿತು. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಅಲ್ಲಿ ದುಡಿಯುವವರ ಮಕ್ಕಳಿಗೆ ಸರ್ಕಾರಿ ಶಾಲೆಯೊಂದೇ ಗತಿ. ದಕ್ಷಿಣದ ಜಿಲ್ಲೆಗಳಿಗೆ 2003ರಲ್ಲಿ ವಿಸ್ತರಿಸಿದ ಅಕ್ಷರ ದಾಸೋಹದ ಬಿಸಿಯೂಟ ಇಂಥ ಮನೆಗಳಿಗೆ ದೊಡ್ಡ ಆಸರೆ.

ಫಲವನ್ನು ಅಳೆಯುವಲ್ಲಿ ಮಾತ್ರ ಒಮ್ಮತವಿಲ್ಲ. ಜಾಗತಿಕ ಅಧ್ಯಯನಗಳ ಪ್ರಕಾರ ಓದಿನ ಒಂದೊಂದು ವರ್ಷಕ್ಕೆ ಗಳಿಕೆ ಸರಾಸರಿ ಶೇ. 9ರಷ್ಟು ಏರುತ್ತದೆ. ಇದರಲ್ಲಿ ಓದಿನ ಪಾಲೆಷ್ಟು, ಮನೆತನದ ಅನುಕೂಲದ ಪಾಲೆಷ್ಟು ಎಂಬ ವಾದ ಮುಗಿದಿಲ್ಲ. ಹಾಸನ ಜಿಲ್ಲೆಯ ಸಾಕ್ಷರತೆ 2001ರಲ್ಲಿ ಶೇ. 68.63 ಇದ್ದದ್ದು 2011ರಲ್ಲಿ 76.07ಕ್ಕೆ ಏರಿತು. ಆದರೆ ಜನಗಣತಿ ಜನರನ್ನು ಲೆಕ್ಕ ಹಿಡಿಯುವುದು ಅವರಿರುವ ಊರಿನಲ್ಲಿ. ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳದಂಥ ಕಾಡಂಚಿನ ಊರಿನಲ್ಲಿ ಓದಿ ಬೆಂಗಳೂರಿನಲ್ಲಿ ನೆಲೆಸಿದವರ ಅಕ್ಷರವೂ ಗಳಿಕೆಯೂ ಬೆಂಗಳೂರಿನ ಖಾತೆಗೇ ಜಮೆ. ಅವರು ಮನೆಗೆ ಕಳಿಸುವ ಹಣ ಶಾಲೆಯ ಫಲವೆಂದು ಯಾವ ಕೋಷ್ಟಕದಲ್ಲೂ ಕಾಣಿಸದು.

ಊರಿನಲ್ಲೇ ಉಳಿಯುವ ಫಲ ಬೇರೆ ಬಗೆಯದು. ಕಾಫಿ ಹಣ್ಣಿನ ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕದ್ದಾದಾಗ, ತೋಟದ ರೈಟರ್ (ಲೆಕ್ಕದ ಗುಮಾಸ್ತ) ಬರೆದ ತೂಕವನ್ನು ಓದಬಲ್ಲ ಹೆಂಗಸು ತನ್ನ ಸಂಬಳವನ್ನು ತಾನೇ ತಾಳೆ ನೋಡಬಲ್ಲಳು. ಓದಿದ ತಾಯಂದಿರ ಮಕ್ಕಳಲ್ಲಿ ಶಿಶುಮರಣ ಕಡಿಮೆ ಎಂಬುದನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ಮತ್ತೆ ಮತ್ತೆ ದಾಖಲಿಸಿವೆ.

ಈಚೆಗೆ ಕಾಫಿ ಸೀಮೆಯ ಲೈನುಗಳಿಗೆ ಅಸ್ಸಾಂ ಕಡೆಯ ಕುಟುಂಬಗಳೂ ಬಂದಿವೆ. ಮನೆಮಾತು ಬೇರೆಯಾದ ಈ ಮಕ್ಕಳು ಕನ್ನಡ ಶಾಲೆಗೆ ಸೇರುವುದು, ಕೊಯ್ಲು ಮುಗಿದಾಗ ಮಧ್ಯದಲ್ಲೇ ಹೊರಡುವುದು ಹಾಜರಿ ಪುಸ್ತಕದ ಹೊಸ ಅಧ್ಯಾಯ.